ಜೇನುತುಪ್ಪ, ಡಯಾಲಿಸಿಸ್ ಮತ್ತು ನಮ್ಮ ಹೊಣೆ

ವ್ರಣಚಿಕಿತ್ಸೆಯಲ್ಲಿ ಜೇನುತುಪ್ಪಕ್ಕೆ ಆಯುರ್ವೇದವು ಕೊಟ್ಟಿರುವ ಸ್ಥಾನ ದೊಡ್ಡದು. ಗಾಯವನ್ನು ಶುದ್ಧಿಗೊಳಿಸುವ, ಕೂಡಿಸುವ, ಮಾಯಿಸುವ ದ್ರವ್ಯವೆಂದು ಸುಶ್ರುತಾಚಾರ್ಯರು ಅದನ್ನು ಮನ್ನಿಸಿ, ತುಪ್ಪದೊಡನೆ ಲೇಪಿಸುವ ಕ್ರಮವನ್ನು ತಿಳಿಸಿದ್ದಾರೆ. ಆದುದರಿಂದ ಆಸ್ಟ್ರೇಲಿಯಾದ ಮೂತ್ರಪಿಂಡ ತಜ್ಞರೊಬ್ಬರು ಡಯಾಲಿಸಿಸ್ ರೋಗಿಗಳ ಸೋಂಕನ್ನು ತಡೆಯಲು ಜೇನನ್ನು ಪರೀಕ್ಷಿಸಿದರೆಂಬ ಸಂಗತಿ ನಮ್ಮ ವೃತ್ತಿಬಾಂಧವರಿಗೆ ಹರ್ಷ ತಂದದ್ದು ಸಹಜವೇ. ಆದರೆ ಆ ಸಂಶೋಧನೆಯ ಪೂರ್ವಾರ್ಧವನ್ನು ಮಾತ್ರ ಭಾಷಣಗಳಲ್ಲಿ ಉದ್ಧರಿಸಿ ಉತ್ತರಾರ್ಧದ ವಿಷಯದಲ್ಲಿ ಮೌನ ತಾಳುವುದು ವೈದ್ಯರಿಗೆ ಭೂಷಣವಲ್ಲವೆಂದು ನಾವು ಭಾವಿಸುತ್ತೇವೆ.

ಮೊದಲು ರೋಗದ ಮಾತು. ಮೂತ್ರಪಿಂಡಗಳು ಸಂಪೂರ್ಣ ಸೋತಾಗ ರಕ್ತವನ್ನು ಯಂತ್ರದ ಮೂಲಕ ಹಾಯಿಸಿ ಶುದ್ಧಿಗೊಳಿಸಿ ಮತ್ತೆ ದೇಹಕ್ಕೆ ಸೇರಿಸುವುದೇ ಡಯಾಲಿಸಿಸ್. ಡಚ್ ವೈದ್ಯ ವಿಲೆಮ್ ಕೋಲ್ಫ್ ಅವರು ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಇಂಥ ಯಂತ್ರವನ್ನು ರೋಗಿಗಳಿಗೆ ಬಳಸಿದರು. ಯಂತ್ರವೇನೋ ಸಿದ್ಧವಾಯಿತು, ಆದರೆ ಪ್ರತಿ ಬಾರಿಯೂ ಹೊಸ ರಕ್ತನಾಳವನ್ನು ಕೊಯ್ಯಬೇಕಾಗುತ್ತಿದ್ದುದರಿಂದ ರೋಗಿಯನ್ನು ಬಹುಕಾಲ ಉಳಿಸಿಕೊಳ್ಳಲು ಸಾಧ್ಯವಿರಲಿಲ್ಲ. 1960ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಅವರು ಟೆಫ್ಲಾನ್ ಕೊಳವೆಯೊಂದನ್ನು ತೋಳಿನಲ್ಲಿಯೇ ಶಾಶ್ವತವಾಗಿ ಇರಿಸುವ ಉಪಾಯ ಕಂಡುಕೊಂಡರು. ಅಲ್ಲಿಂದ ಈ ಚಿಕಿತ್ಸೆ ವರ್ಷಗಟ್ಟಲೆ ನಡೆಯುವಂತಾಯಿತು. ಜೊತೆಗೆ ಹೊಸದೊಂದು ತೊಡಕೂ ಹುಟ್ಟಿತು. ರಕ್ತ ಹೊರಬರುವ ಬಾಗಿಲಿನಲ್ಲಿಯೇ ರೋಗಾಣುವೂ ಒಳಹೋಗುತ್ತದೆ. ಡಯಾಲಿಸಿಸ್ ರೋಗಿಗಳ ಮರಣಕ್ಕೆ ಹೃದಯರೋಗದ ನಂತರದ ಮುಖ್ಯ ಕಾರಣವೇ ಸೋಂಕು.

ಈ ಬಾಗಿಲಿನ ಬಗೆಗಳಲ್ಲಿ ಎರಡನ್ನು ಇಲ್ಲಿ ನೋಡೋಣ. ಒಂದು, ಕತ್ತಿನ ಅಥವಾ ತೊಡೆಯ ಸಂದಿಯ ರಕ್ತನಾಳಕ್ಕೆ ಇಳಿಸುವ ಕ್ಯಾಥೆಟರ್ ಎಂಬ ಕೊಳವೆ. ಇನ್ನೊಂದು, ಮುಂಗೈಯಲ್ಲಿ ಅಪಧಮನಿಯನ್ನೂ ಅಭಿಧಮನಿಯನ್ನೂ ಚರ್ಮದೊಳಗೇ ಜೋಡಿಸಿ ಮಾಡುವ ಫಿಸ್ಟುಲಾ. ಇದನ್ನು ನ್ಯೂಯಾರ್ಕಿನ ಬ್ರೆಷಾ ಮತ್ತು ಚಿಮಿನೋ ಎಂಬ ವೈದ್ಯರು ಸಂಗಡಿಗರೊಡನೆ 1966ರಲ್ಲಿ ಪ್ರಕಟಿಸಿದರು. ಫಿಸ್ಟುಲಾ ಎಂದೊಡನೆ ನಮ್ಮ ಜನ ಭಗಂದರವೆಂದು ಗಾಬರಿಯಾಗುವುದುಂಟು, ಇದು ಅದಲ್ಲ. ಇದರಲ್ಲಿ ಹೊರಗೆ ಯಾವ ಕೊಳವೆಯೂ ಉಳಿಯದು, ಆದ್ದರಿಂದ ಸೋಂಕು ಎಲ್ಲಕ್ಕಿಂತ ಕಡಿಮೆ. ಕ್ಯಾಥೆಟರಿನಲ್ಲಿ ಎಲ್ಲಕ್ಕಿಂತ ಹೆಚ್ಚು. ಇವೆರಡಲ್ಲದೆ, ಹೊಟ್ಟೆಯೊಳಕ್ಕೆ ಮೃದುವಾದ ಕೊಳವೆ ಇರಿಸಿ, ಮನೆಯಲ್ಲಿಯೇ ದಿನಕ್ಕೆ ಕೆಲವು ಬಾರಿ ದ್ರವ ತುಂಬಿ ಬರಿದುಮಾಡುವ ಉದರ ಡಯಾಲಿಸಿಸ್ ಕೂಡ ಇದೆ. ಅದರಲ್ಲಿ ಕೊಳವೆ ಹೊರಬರುವ ರಂಧ್ರದ ಸೋಂಕು ಮತ್ತು ಉದರಪಟಲದ ಉರಿಯೂತ ಕಾಡುತ್ತವೆ.

ಈಗ ಜೇನಿನ ಪ್ರಸ್ತಾಪಕ್ಕೆ ಬರೋಣ. ಬ್ರಿಸ್ಬೇನ್ ನಗರದ ಪ್ರಿನ್ಸೆಸ್ ಅಲೆಕ್ಸಾಂಡ್ರಾ ಆಸ್ಪತ್ರೆಯ ಡಾ. ಡೇವಿಡ್ ಜಾನ್ಸನ್ ಅವರನ್ನು ಕಾಡಿದ ಪ್ರಶ್ನೆ ಸರಳವಾದುದು. ಕೊಳವೆಯ ರಂಧ್ರಕ್ಕೆ ಹಚ್ಚುವ ಮ್ಯುಪಿರೋಸಿನ್ ಎಂಬ ಮುಲಾಮು ಸೋಂಕನ್ನು ತಗ್ಗಿಸುತ್ತದೆ. ಆದರೆ ರೋಗಾಣುಗಳು ಕ್ರಮೇಣ ಅದಕ್ಕೆ ಒಗ್ಗಿ ಜಗ್ಗದಂತಾಗುತ್ತವೆ. ಜೇನಿಗೆ ಅವು ಹಾಗೆ ಒಗ್ಗಿಕೊಳ್ಳುವುದು ಅಪರೂಪ. ಹಾಗಾದರೆ ಮುಲಾಮಿನ ಬದಲು ಜೇನನ್ನು ಹಚ್ಚಬಾರದೇಕೆ? ಎದೆಯ ಮೇಲೆ ಕ್ಯಾಥೆಟರ್ ಇದ್ದ 101 ರೋಗಿಗಳಲ್ಲಿ ಕೆಲವರಿಗೆ ಮ್ಯುಪಿರೋಸಿನ್, ಕೆಲವರಿಗೆ ಜೇನು ಎಂದು ಹಂಚಿ ಅವರು ನಡೆಸಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಎರಡೂ ಗುಂಪುಗಳಲ್ಲಿ ರಕ್ತದ ಸೋಂಕು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿತ್ತು. ನಮ್ಮವರು ಸಂಭ್ರಮದಿಂದ ಹೇಳುವ ಪೂರ್ವಾರ್ಧ ಇದೇ.

ಜಾನ್ಸನ್ ಅವರು ಇಷ್ಟಕ್ಕೆ ತೃಪ್ತರಾಗಲಿಲ್ಲ. ಇದನ್ನು ನಾವು ವಿಶೇಷವಾಗಿ ಗಮನಿಸಬೇಕು. ನೂರು ಜನರ ಅಧ್ಯಯನದಲ್ಲಿ ವ್ಯತ್ಯಾಸ ಕಾಣಲಿಲ್ಲವೆಂದ ಮಾತ್ರಕ್ಕೆ ವ್ಯತ್ಯಾಸವೇ ಇಲ್ಲವೆಂದು ಹೇಳಲಾಗದು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ 26 ಕೇಂದ್ರಗಳಲ್ಲಿ ಉದರ ಡಯಾಲಿಸಿಸ್ ಪಡೆಯುತ್ತಿದ್ದ 371 ರೋಗಿಗಳನ್ನು ಸೇರಿಸಿಕೊಂಡು ಅವರ ತಂಡ ಇನ್ನೂ ದೊಡ್ಡ ಪರೀಕ್ಷೆ ನಡೆಸಿತು. 'ಹನಿಪಾಟ್' ಎಂದು ಅದರ ಹೆಸರು. ಒಂದು ಗುಂಪಿನವರು ಪ್ರತಿದಿನ ರಂಧ್ರಕ್ಕೆ ಜೇನು ಹಚ್ಚಿಕೊಂಡರು. ಇನ್ನೊಂದು ಗುಂಪಿನವರು ವಾಡಿಕೆಯ ಆರೈಕೆಯನ್ನೇ ಮುಂದುವರಿಸಿದರು. ಅವರಲ್ಲಿ ಮೂಗಿನಲ್ಲಿ ಸ್ಟೆಫಿಲೊಕಾಕಸ್ ರೋಗಾಣು ಇದ್ದವರಿಗೆ ಮೂಗಿಗೆ ಮ್ಯುಪಿರೋಸಿನ್ ಹಚ್ಚಲಾಯಿತು. 2014ರಲ್ಲಿ ಫಲಿತಾಂಶ ಹೊರಬಂದಿತು. ಮೊದಲ ಸೋಂಕಿನವರೆಗಿನ ಮಧ್ಯಕ ಅವಧಿ ಜೇನಿನ ಗುಂಪಿನಲ್ಲಿ 16 ತಿಂಗಳು, ಇನ್ನೊಂದರಲ್ಲಿ 17.7 ತಿಂಗಳು, ಗಣನೀಯ ಭೇದವಿಲ್ಲ. ಆದರೆ ಮಧುಮೇಹಿಗಳನ್ನು ಬೇರ್ಪಡಿಸಿ ನೋಡಿದಾಗ, ಜೇನು ಹಚ್ಚಿಕೊಂಡ ಮಧುಮೇಹಿಗಳಿಗೆ ಸೋಂಕಿನ ಅಪಾಯ ಎರಡು ಪಟ್ಟಿನ ಸಮೀಪಕ್ಕೆ ಏರಿತ್ತು. ಈ ಕಾರ್ಯಕ್ಕೆ ಜೇನನ್ನು ವಾಡಿಕೆಯಾಗಿ ಬಳಸಲು ಶಿಫಾರಸು ಮಾಡಲಾಗದೆಂದು ಸಂಶೋಧಕರು ತೀರ್ಮಾನಿಸಿದರು. ತಾವೇ ಹಿಡಿದ ಪಕ್ಷಕ್ಕೆ ವಿರುದ್ಧವಾಗಿ ಬಂದ ಫಲಿತಾಂಶವನ್ನು ತಾವೇ ಲೋಕದ ಮುಂದಿಟ್ಟರು.

ನಮ್ಮಲ್ಲಿ ಡಯಾಲಿಸಿಸ್‌ಗೆ ಬರುವವರಲ್ಲಿ ಮಧುಮೇಹಿಗಳು ಬಹುಮಂದಿ. ಆದ್ದರಿಂದ ಈ ಉತ್ತರಾರ್ಧವನ್ನು ಮುಚ್ಚಿಡುವುದು ಕೇವಲ ಪಾಂಡಿತ್ಯದ ದೋಷವಾಗಿ ಉಳಿಯದು, ರೋಗಿಯ ಪ್ರಾಣಕ್ಕೆ ಸಂಬಂಧಿಸಿದ್ದಾಗುತ್ತದೆ. ಮಧುಮೇಹಿಗಳ ವ್ರಣ ಕಷ್ಟಸಾಧ್ಯವೆಂದು ಸುಶ್ರುತರೂ ಎಚ್ಚರಿಸಿದ್ದಾರೆ. ಹಾಗೆಂದು ಈ ಫಲಿತಾಂಶವೆಲ್ಲ ನಮ್ಮ ಗ್ರಂಥದಲ್ಲಿ ಮೊದಲೇ ಇತ್ತೆಂದು ಬೀಗುವುದು ಬೇಡ. ತೆರೆದ ಗಾಯಕ್ಕೆ ಹೇಳಿದ ಲೇಪವನ್ನು, ಆ ಕಾಲದಲ್ಲಿ ಯಾರೂ ಕಂಡಿರದ ಪ್ಲಾಸ್ಟಿಕ್ ಕೊಳವೆಯ ಬುಡಕ್ಕೆ ಅನ್ವಯಿಸುವ ಅಧಿಕಾರ ಆ ಶ್ಲೋಕಗಳಿಂದ ನಮಗೆ ದೊರೆಯುವುದಿಲ್ಲ. ಮೇಲಾಗಿ ಅಧ್ಯಯನದಲ್ಲಿ ಬಳಸಿದ್ದು ಗಾಮಾ ಕಿರಣಗಳಿಂದ ರೋಗಾಣುರಹಿತಗೊಳಿಸಿದ ವೈದ್ಯಕೀಯ ಜೇನು. ಸಂತೆಯಲ್ಲಿ ಕೊಂಡ ಬಾಟಲಿಯದಾಗಲಿ, ತೋಟದ ಹುಟ್ಟಿನಿಂದ ಇಳಿಸಿದ್ದಾಗಲಿ ಎಷ್ಟೇ ಅಪ್ಪಟವಾಗಿದ್ದರೂ ಅದರಲ್ಲಿ ರೋಗಾಣುಗಳ ಬೀಜಕಗಳು ಇರಬಲ್ಲವು. ಜೇನು, ಅರಿಶಿನ, ಬೇವಿನೆಣ್ಣೆ, ವಿಭೂತಿ, ಇವುಗಳಲ್ಲಿ ಯಾವುದನ್ನೂ ಡಯಾಲಿಸಿಸ್ ಕೊಳವೆಯ ಬಳಿ ಹಚ್ಚಬಾರದೆಂದು ನಾವು ನಿಸ್ಸಂಕೋಚವಾಗಿ ಹೇಳುತ್ತೇವೆ.

ಸುಶ್ರುತರಿಂದ ನಾವು ನಿಜವಾಗಿ ಎತ್ತಿಕೊಳ್ಳಬೇಕಾದುದು ಬೇರೆಡೆ ಇದೆ. ವ್ರಣಿತನು ಇರಬೇಕಾದ ಮನೆಯನ್ನು ಕುರಿತು ಅವರು ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾರೆ. ಮನೆ ಶುಚಿಯಾಗಿರಬೇಕು, ಉಗುರು ಕೂದಲು ಕತ್ತರಿಸಿರಬೇಕು, ಬಿಳಿಯ ಶುಭ್ರ ಬಟ್ಟೆ ತೊಡಬೇಕು, ಧೂಪನ ನಡೆಯಬೇಕು. ಇಂದಿನ ಡಯಾಲಿಸಿಸ್ ಕೋಣೆಯಲ್ಲಿ ಸೋಂಕನ್ನು ತಡೆಯುವ ಕ್ರಮಗಳೂ ಇದೇ ಜಾತಿಯವು: ದಾದಿಯರು ಪ್ರತಿ ರೋಗಿಯ ಬಳಿಗೆ ಹೋಗುವ ಮುನ್ನ ಕೈ ತೊಳೆಯುವುದು, ಕೊಳವೆಯ ಮುಚ್ಚಳ ತೆರೆಯುವಾಗ ರೋಗಿಯೂ ದಾದಿಯೂ ಮಾಸ್ಕ್ ಧರಿಸುವುದು, ಕೊಳವೆಯ ಬಾಯನ್ನು ಔಷಧದಿಂದ ಉಜ್ಜಿ ಒರೆಸುವುದು, ಹೆಪಟೈಟಿಸ್ ಬಿ ಸೋಂಕಿತರಿಗೆ ಪ್ರತ್ಯೇಕ ಯಂತ್ರ, ಉಳಿದವರಿಗೆ ಲಸಿಕೆ. ನೀರಿನ ಶುದ್ಧಿಯೂ ಅಷ್ಟೇ ಮುಖ್ಯ. ಒಂದು ಬಾರಿಯ ಡಯಾಲಿಸಿಸ್‌ಗೆ 100 ಲೀಟರಿಗೂ ಹೆಚ್ಚು ನೀರು ಬೇಕು. 1996ರಲ್ಲಿ ಬ್ರೆಜಿಲ್ ದೇಶದ ಕರುವಾರು ಎಂಬ ಊರಿನಲ್ಲಿ ಪಾಚಿಯ ವಿಷ ಬೆರೆತ ನೀರನ್ನು ಬಳಸಿದ ಒಂದೇ ಕೇಂದ್ರದಲ್ಲಿ 50ಕ್ಕೂ ಹೆಚ್ಚು ರೋಗಿಗಳು ಸತ್ತರು. ಇವು ಯಾವುದೂ ಭಾಷಣಕ್ಕೆ ಒದಗುವ ವಿಷಯಗಳಲ್ಲ, ನಿಜ.

ಇನ್ನು ನಮ್ಮ ಪದ್ಧತಿಯವರ ನೇರ ಹೊಣೆಯ ಮಾತು. 'ಡಯಾಲಿಸಿಸ್ ಇಲ್ಲದೆಯೇ ಕಿಡ್ನಿ ಗುಣ' ಎಂಬ ಜಾಹೀರಾತುಗಳು ಗೋಡೆಗಳ ಮೇಲೂ ಮೊಬೈಲುಗಳಲ್ಲೂ ರಾರಾಜಿಸುತ್ತಿವೆ. ಫಿಸ್ಟುಲಾ ಮಾಡಿಸಿದ ಮೇಲೆ ಅದು ಬಲಿತು ಬಳಕೆಗೆ ಬರಲು ಕೆಲವು ವಾರಗಳಿಂದ ಕೆಲವು ತಿಂಗಳು ಬೇಕು. ಆದ್ದರಿಂದ ಮೂತ್ರಪಿಂಡ ಪೂರ್ತಿ ಸೋಲುವ ಮೊದಲೇ ಅದನ್ನು ಮಾಡಿಸಿರಬೇಕು. ಅಮೂಲ್ಯವಾದ ಆ ತಿಂಗಳುಗಳನ್ನು ಈ ಜಾಹೀರಾತುಗಳು ನುಂಗುತ್ತವೆ. ಕ್ರಿಯೇಟಿನಿನ್ ಏರುತ್ತಿದ್ದರೂ ಚೂರ್ಣ ಕಷಾಯಗಳಲ್ಲಿ ಕಾಲ ಕಳೆದ ರೋಗಿ ಕೊನೆಗೆ ಉಸಿರು ಕಟ್ಟಿ ತುರ್ತು ವಿಭಾಗ ಸೇರುತ್ತಾನೆ; ಕತ್ತಿಗೆ ಕೊಳವೆ ಬೀಳುತ್ತದೆ; ಕೆಲವೇ ವಾರಗಳಲ್ಲಿ ಚಳಿಜ್ವರ ಹಿಡಿಯುತ್ತದೆ. ಆಗ ಮನೆಯವರು ಡಯಾಲಿಸಿಸ್ಸನ್ನು ದೂಷಿಸುತ್ತಾರೆ. ದೂಷಿಸಬೇಕಾದುದು ವಿಳಂಬವನ್ನು.

ಪುನರ್ನವ, ಗೋಕ್ಷುರಗಳ ಬಗ್ಗೆ ನಮಗೆ ಗೌರವವಿದೆ. ಆದರೆ ಪೂರ್ತಿ ಸೋತ ಮೂತ್ರಪಿಂಡವನ್ನು ಅವು ಮರಳಿ ತಾರವು. ಬಳ್ಳಿಯಿಂದ ಬಂದದ್ದೆಲ್ಲ ನಿರಪಾಯಕಾರಿಯೆಂಬ ನಂಬಿಕೆಯೂ ತಪ್ಪು. ಈಶ್ವರಿ ಬಳ್ಳಿಯ ಕುಲದ ಸಸ್ಯವೊಂದು ಬೆರೆತಿದ್ದ ತೂಕ ಇಳಿಸುವ ಔಷಧದಿಂದ ಬೆಲ್ಜಿಯಂ ದೇಶದಲ್ಲಿ ಅನೇಕ ಸ್ತ್ರೀಯರ ಮೂತ್ರಪಿಂಡಗಳೇ ನಾಶವಾದ ಸಂಗತಿ 1993ರಲ್ಲಿ ಬೆಳಕಿಗೆ ಬಂದಿತು. ಎಳನೀರು, ಧಾರೆಹುಳಿಗಳು ಸಹ ಡಯಾಲಿಸಿಸ್ ರೋಗಿಗೆ ಅಪಾಯಕಾರಿ. ಆರೋಗ್ಯವಂತರಿಗೆ ನಾವೇ ಎಳನೀರು ಕುಡಿಯಿರೆಂದು ಹೇಳುತ್ತಿರುತ್ತೇವಾದ್ದರಿಂದ ಇದನ್ನು ಮತ್ತೆ ಮತ್ತೆ ಹೇಳಬೇಕಾಗಿದೆ.

ನಮ್ಮ ಓದುಗರಿಗೆ ಮಾತ್ರ ಸಂಬಂಧಿಸಿದ ಒಂದು ಸೂಕ್ಷ್ಮವಿದೆ. ಎದೆಯ ಮೇಲ್ಭಾಗದಲ್ಲಿ ಕ್ಯಾಥೆಟರ್ ಇರುವವರಿಗೆ ಶಿವದಾರವು ಪಟ್ಟಿಯ ಮೇಲೆ ಉಜ್ಜಬಹುದು, ಪೂಜೆಯ ವೇಳೆ ನೀರು ತಗುಲಬಹುದು. ಕರಡಿಗೆಯನ್ನು ಕೊಳವೆಯಿಲ್ಲದ ಬದಿಗೆ ಸರಿಸಿ ಧರಿಸಿರಿ. ಶಿವದಾರವನ್ನು ಆಗಾಗ್ಗೆ ಒಗೆದು ಒಣಗಿಸಿರಿ ಅಥವಾ ಬದಲಿಸಿರಿ. ಪಟ್ಟಿ ಒದ್ದೆಯಾದರೆ ಆ ದಿನವೇ ಡಯಾಲಿಸಿಸ್ ಕೇಂದ್ರದಲ್ಲಿ ಬದಲಾಯಿಸಿಕೊಳ್ಳಿರಿ. ಫಿಸ್ಟುಲಾ ಇರುವ ಕೈಯಲ್ಲಿ ರಕ್ತದೊತ್ತಡ ನೋಡಲು, ಸೂಜಿ ಚುಚ್ಚಲು ಯಾರಿಗೂ ಬಿಡಬೇಡಿರಿ, ಆ ಕೈಯನ್ನು ತಲೆದಿಂಬಾಗಿಸಿ ಮಲಗಬೇಡಿರಿ. ಕೊಳವೆಯ ಬುಡ ಕೆಂಪಾದರೆ, ಕೀವು ಕಂಡರೆ, ಉದರ ಡಯಾಲಿಸಿಸ್‌ನ ದ್ರವ ಮಸುಕಾಗಿ ಹೊರಬಂದರೆ, ಅಥವಾ ಚಳಿಯೊಡನೆ ಜ್ವರ ಬಂದರೆ ಅಮೃತಬಳ್ಳಿಯ ಕಷಾಯಕ್ಕೆಂದು ನಮ್ಮಲ್ಲಿಗೆ ಬರದೆ, ರಾತ್ರಿಯಾಗಿದ್ದರೂ ಸರಿಯೇ, ನೇರವಾಗಿ ಡಯಾಲಿಸಿಸ್ ನಡೆಯುವ ಆಸ್ಪತ್ರೆಗೆ ಹೋಗಿರಿ.