ಮೂಗಿಗಿಂತ ಮೂಗುತಿ ಭಾರ: ಗೇಮಿಂಗ್ ಕಂಪ್ಯೂಟರ್ ಜೋಡಿಸುವವರ ಹೊಸ ಲೆಕ್ಕಾಚಾರ

ಅಮೆರಿಕದ ಮೈಕ್ರಾನ್ ಸಂಸ್ಥೆ 2025ರ ಡಿಸೆಂಬರ್ 3ರಂದು ಒಂದು ಪ್ರಕಟಣೆ ಹೊರಡಿಸಿತು. ಸಾಮಾನ್ಯ ಗ್ರಾಹಕರಿಗಾಗಿ 'ಕ್ರೂಷಿಯಲ್' ಹೆಸರಿನಲ್ಲಿ 29 ವರ್ಷಗಳಿಂದ ನಡೆಸಿಕೊಂಡು ಬಂದಿದ್ದ ಮೆಮೊರಿ ಮತ್ತು ಎಸ್‌ಎಸ್‌ಡಿ ವಹಿವಾಟಿನಿಂದ ಹಿಂದೆ ಸರಿಯುವುದಾಗಿಯೂ, 2026ರ ಫೆಬ್ರವರಿ ಅಂತ್ಯದವರೆಗೆ ಮಾತ್ರ ಅಂಗಡಿಗಳಿಗೆ ಸರಕು ಕಳುಹಿಸುವುದಾಗಿಯೂ ಅದು ತಿಳಿಸಿತು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯೇ ಇದಕ್ಕೆ ಕಾರಣ ಎಂದು ಸಂಸ್ಥೆ ಮುಚ್ಚುಮರೆಯಿಲ್ಲದೆ ಹೇಳಿತು.

ಎಲ್ಲೋ ಅಮೆರಿಕದಲ್ಲಿ ಹೊರಟ ಈ ಪ್ರಕಟಣೆಗೂ, ಬಿಡಿಭಾಗಗಳ ಪಟ್ಟಿ ಹಿಡಿದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆಯುವ ವಿದ್ಯಾರ್ಥಿಗೂ ನೇರ ಸಂಬಂಧವಿದೆ. ಕಡಿಮೆ ಹಣದಲ್ಲಿ ಒಳ್ಳೆಯ ಗೇಮಿಂಗ್ ಕಂಪ್ಯೂಟರ್ ಜೋಡಿಸಿಕೊಳ್ಳಲು ಹಲವು ವರ್ಷಗಳಿಂದ ಚಾಲ್ತಿಯಲ್ಲಿದ್ದ ಸೂತ್ರ ಈಗ ಕೈಕೊಟ್ಟಿದೆ. ಪಟ್ಟಿಯಲ್ಲಿ ಕೊನೆಗೆ ಬರೆಯುತ್ತಿದ್ದ ಮೆಮೊರಿಯನ್ನು ಮೊದಲು ಬರೆಯಬೇಕಾದ ಕಾಲ ಬಂದಿದೆ.

ಬೆಲೆ ಏರಿದ್ದೇಕೆ?

ಜಗತ್ತಿನ ಮೆಮೊರಿ ಚಿಪ್‌ಗಳಲ್ಲಿ ಬಹುಪಾಲು ತಯಾರಾಗುವುದು ಮೂರೇ ಸಂಸ್ಥೆಗಳಲ್ಲಿ: ದಕ್ಷಿಣ ಕೊರಿಯಾದ ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಹೈನಿಕ್ಸ್, ಅಮೆರಿಕದ ಮೈಕ್ರಾನ್. ಕೃತಕ ಬುದ್ಧಿಮತ್ತೆಯ ಯಂತ್ರಗಳಿಗೆ ಬೇಕಾದ ಎಚ್‌ಬಿಎಂ ಎಂಬ ಅತಿವೇಗದ ಮೆಮೊರಿಯನ್ನೂ ಇವೇ ತಯಾರಿಸುತ್ತವೆ. ಮೈಕ್ರಾನ್ ನೀಡಿರುವ ಲೆಕ್ಕದಂತೆ, ಒಂದೇ ಸಾಮರ್ಥ್ಯದ ಮೆಮೊರಿಗೆ ಡಿಡಿಆರ್5ಕ್ಕಿಂತ ಸುಮಾರು ಮೂರು ಪಟ್ಟು ಹೆಚ್ಚು ಸಿಲಿಕಾನ್ ಬಿಲ್ಲೆಗಳು ಎಚ್‌ಬಿಎಂಗೆ ಬೇಕು. ಅಂದರೆ ದತ್ತಾಂಶ ಕೇಂದ್ರಕ್ಕೆ ಹೋಗುವ ಪ್ರತಿಯೊಂದು ಜಿಬಿಯೂ ಮನೆಯ ಕಂಪ್ಯೂಟರ್‌ಗೆ ಬರಬೇಕಿದ್ದ ಮೂರು ಜಿಬಿಯನ್ನು ನುಂಗುತ್ತದೆ.

2025ರ ಅಕ್ಟೋಬರ್ 1ರಂದು ಓಪನ್‌ಎಐ ಸಂಸ್ಥೆ ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಹೈನಿಕ್ಸ್ ಜತೆ ಮಾಡಿಕೊಂಡ ಪ್ರಾಥಮಿಕ ಒಪ್ಪಂದದಲ್ಲಿ ತಿಂಗಳಿಗೆ 9 ಲಕ್ಷ ಬಿಲ್ಲೆಗಳವರೆಗಿನ ಗುರಿಯನ್ನು ಪ್ರಸ್ತಾಪಿಸಲಾಯಿತು. ಆ ವೇಳೆಗಾಗಲೇ ಬಿಗಿಯಾಗಿದ್ದ ಮಾರುಕಟ್ಟೆ ಅಲ್ಲಿಂದ ಹಿಡಿತ ತಪ್ಪಿತು. ಅಮೆರಿಕದಲ್ಲಿ 2025ರ ಸೆಪ್ಟೆಂಬರ್ ಸುಮಾರಿಗೆ 100 ಡಾಲರ್ ಆಸುಪಾಸಿನಲ್ಲಿದ್ದ 32 ಜಿಬಿ ಡಿಡಿಆರ್5 ಜೋಡಿ, ವರ್ಷ ಮುಗಿಯುವಷ್ಟರಲ್ಲಿ 300 ಡಾಲರ್ ದಾಟಿತ್ತು. ಅಗ್ಗದ ಕಂಪ್ಯೂಟರ್‌ಗೆ ಹೆಸರಾದ ರಾಸ್‌ಬೆರಿ ಪೈ ಕೂಡ ಮೆಮೊರಿ ದುಬಾರಿಯಾದದ್ದನ್ನೇ ಮುಂದಿಟ್ಟು 2025ರ ಡಿಸೆಂಬರ್ ಮೊದಲ ದಿನ ಬೆಲೆ ಏರಿಸಿತು.

ಭಾರತದ ಗ್ರಾಹಕನಿಗೆ ಇದು ಬರಗಾಲದಲ್ಲಿ ಅಧಿಕಮಾಸ. ಬಿಡಿಭಾಗಗಳೆಲ್ಲ ಡಾಲರ್ ಲೆಕ್ಕದಲ್ಲಿ ಬರುವಂಥವು. ರೂಪಾಯಿ 2025ರ ಡಿಸೆಂಬರ್‌ನಲ್ಲಿ ಮೊದಲ ಬಾರಿಗೆ ಡಾಲರ್‌ಗೆ 90ರ ಗಡಿ ದಾಟಿತು. 2025ರ ಸೆಪ್ಟೆಂಬರ್ 22ರ ಜಿಎಸ್‌ಟಿ ಪರಿಷ್ಕರಣೆಯಲ್ಲಿ ದೊಡ್ಡ ಟಿ.ವಿ.ಗಳ ತೆರಿಗೆ ಶೇ. 28ರಿಂದ 18ಕ್ಕೆ ಇಳಿಯಿತಾದರೂ, ಮೊದಲೇ ಶೇ. 18ರಲ್ಲಿದ್ದ ಕಂಪ್ಯೂಟರ್ ಬಿಡಿಭಾಗಗಳು ಅಲ್ಲೇ ಉಳಿದವು.

ಕಾದರೆ ಇಳಿದೀತೇ?

ಗೇಮಿಂಗ್ ಆಸಕ್ತರು ಇಂಥದೊಂದು ಬರಗಾಲವನ್ನು ಹಿಂದೆಯೂ ಕಂಡಿದ್ದಾರೆ. 2020ರಿಂದ 2022ರವರೆಗೆ ಸಾಂಕ್ರಾಮಿಕ ಮತ್ತು ಕ್ರಿಪ್ಟೊ ಹಣದ 'ಗಣಿಗಾರಿಕೆ' ಸೇರಿ ಗ್ರಾಫಿಕ್ಸ್ ಕಾರ್ಡ್‌ಗಳನ್ನು ಕೈಗೆಟುಕದಂತೆ ಮಾಡಿದ್ದವು. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ತನ್ನ ವಿಧಾನ ಬದಲಿಸಿ ಕಾರ್ಡ್‌ಗಳ ಗಣಿಗಾರಿಕೆಗೆ ತೆರೆ ಎಳೆದಾಗ ಬಳಸಿದ ಕಾರ್ಡ್‌ಗಳು ರಾಶಿರಾಶಿಯಾಗಿ ಮಾರುಕಟ್ಟೆಗೆ ಬಂದವು, ಬೆಲೆ ಇಳಿಯಿತು. ಕಾದವರು ಗೆದ್ದರು.

ಈ ಬಾರಿಯ ಸ್ಥಿತಿ ಬೇರೆ. ದತ್ತಾಂಶ ಕೇಂದ್ರಗಳು ಕೊಂಡ ಎಚ್‌ಬಿಎಂ ಮುಂದೆ ಎಂದೋ ಹಳತಾದರೂ ಮನೆಯ ಮದರ್‌ಬೋರ್ಡ್‌ಗೆ ಕೂರುವುದಿಲ್ಲ. ಹೊಸ ಕಾರ್ಖಾನೆ ಎದ್ದು ಉತ್ಪಾದನೆ ಆರಂಭವಾಗಲು ವರ್ಷಗಳೇ ಬೇಕು. ಸರಬರಾಜಿನ ಬಿಗಿ 2026ರ ನಂತರವೂ ಮುಂದುವರಿಯಲಿದೆ ಎಂದು ಮೈಕ್ರಾನ್ ಮುಖ್ಯಸ್ಥ ಸಂಜಯ್ ಮೆಹ್ರೋತ್ರಾ 2025ರ ಡಿಸೆಂಬರ್‌ನಲ್ಲೇ ಹೇಳಿದ್ದಾರೆ. ಆದ್ದರಿಂದ ಮುಂದಿನ ಹಬ್ಬದ ರಿಯಾಯಿತಿಗೆ ಕಾಯುವುದಕ್ಕಿಂತ, ಇರುವ ಹಣವನ್ನು ಬೇರೆ ರೀತಿಯಲ್ಲಿ ಹಂಚುವುದೇ ಜಾಣತನ.

ಹಳೆಯ ಸೂತ್ರ ಮುರಿದದ್ದು

ಒಟ್ಟು ಹಣದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಗ್ರಾಫಿಕ್ಸ್ ಕಾರ್ಡ್‌ಗೆ, ನಂತರ ಪ್ರಾಸೆಸರ್ ಮತ್ತು ಮದರ್‌ಬೋರ್ಡ್‌ಗೆ, ಉಳಿದ ಚಿಲ್ಲರೆಯಲ್ಲಿ ಮೆಮೊರಿ. ಇದು ಹಳೆಯ ಸೂತ್ರ. ಮೆಮೊರಿ ಅಗ್ಗವಾಗಿದ್ದುದರಿಂದ 'ಇರಲಿ' ಎಂದು 32 ಜಿಬಿ ಹಾಕಿಸುವುದು ವಾಡಿಕೆಯಾಗಿತ್ತು. ಮೆಮೊರಿಯೇ ಪ್ರಾಸೆಸರ್‌ನ ಬೆಲೆಯನ್ನು ಮೀರಿಸುವ ದಿನಗಳಲ್ಲಿ ಈ ವಾಡಿಕೆ ಮೂಗಿಗಿಂತ ಮೂಗುತಿ ಭಾರ ಎಂಬಂತಾಗುತ್ತದೆ.

ಇಂದಿನ ಬಹುತೇಕ ಆಟಗಳಿಗೆ 16 ಜಿಬಿ ಸಾಕು. 8 ಜಿಬಿಯಲ್ಲಿ ಉಳಿಸಿದ ಹಣ ಆಟ ತಡವರಿಸುವ ಕಿರಿಕಿರಿಯಾಗಿ ಹಿಂತಿರುಗುತ್ತದೆ. 16 ಜಿಬಿಯನ್ನು ಒಂದೇ ಪಟ್ಟಿಯಾಗಿ ಕೊಳ್ಳಬೇಕೇ, 8ರ ಎರಡು ಪಟ್ಟಿಗಳಾಗಿಯೇ ಎಂಬುದು ಮುಂದಿನ ಪ್ರಶ್ನೆ. ಎರಡು ಪಟ್ಟಿಗಳಿದ್ದಾಗ ಪ್ರಾಸೆಸರ್‌ಗೆ ಏಕಕಾಲದಲ್ಲಿ ಎರಡು ದಾರಿಗಳು ಸಿಗುತ್ತವೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರದಲ್ಲಿ ಒಂದೇ ಪಟ್ಟಿಯಿಂದ ಆಗುವ ನಷ್ಟ ಸಹಿಸಿಕೊಳ್ಳಬಹುದಾದಷ್ಟು. ಮುಂದೆ ಇನ್ನೊಂದನ್ನು ಸೇರಿಸುವ ಅವಕಾಶವೂ ಉಳಿಯುತ್ತದೆ. ಆದರೆ ರೈಜೆನ್ 5 5600ಜಿ ಅಥವಾ 8600ಜಿಯಂತೆ ಗ್ರಾಫಿಕ್ಸ್ ಅಡಕವಾಗಿರುವ ಪ್ರಾಸೆಸರ್ ಕೊಳ್ಳುವವರು ಎರಡು ಪಟ್ಟಿಗಳನ್ನೇ ಹಾಕಿಸಬೇಕು. ಅಲ್ಲಿ ಚಿತ್ರ ಮೂಡಿಸುವ ಕೆಲಸಕ್ಕೂ ಇದೇ ಮೆಮೊರಿ ಬಳಕೆಯಾಗುವುದರಿಂದ ಒಂದೇ ಪಟ್ಟಿ ಆಟದ ಉಸಿರು ಕಟ್ಟಿಸುತ್ತದೆ.

ಮದರ್‌ಬೋರ್ಡ್ ಎಂಬ ಕವಲುದಾರಿ

ಮೆಮೊರಿಯ ತೀರ್ಮಾನವೇ ಮದರ್‌ಬೋರ್ಡ್‌ನ ತೀರ್ಮಾನವೂ ಹೌದು. ಎಎಂಡಿಯ ಎಎಂ4 ವ್ಯವಸ್ಥೆ ಡಿಡಿಆರ್4 ಬಳಸುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಬಂದ ಎಎಂ5ಕ್ಕೆ ಡಿಡಿಆರ್5 ಮಾತ್ರ ಆಗುತ್ತದೆ. ಇಂಟೆಲ್‌ನ 12ರಿಂದ 14ನೇ ತಲೆಮಾರಿನ ಪ್ರಾಸೆಸರ್‌ಗಳಿಗೆ ಎರಡೂ ಬಗೆಯ ಬೋರ್ಡ್‌ಗಳಿವೆ. ಆದರೆ ಒಂದೇ ಬೋರ್ಡ್‌ನಲ್ಲಿ ಎರಡನ್ನೂ ಬೆರೆಸಲಾಗದು. ಎರಡರ ಕಚ್ಚುಗಳೇ ಬೇರೆ. ಹೆಸರು ಹೆಚ್ಚುಕಡಿಮೆ ಒಂದೇ ಆಗಿರುವ ಬೋರ್ಡ್‌ಗಳ ನಡುವೆ ಈ ವ್ಯತ್ಯಾಸ ಗಮನಿಸದೆ ಕೊಂಡವರು ಅಂಗಡಿಗೆ ಮರಳಿ ಅಲೆಯಬೇಕಾಗುತ್ತದೆ.

ಮನೆಯಲ್ಲಿ ಹಳೆಯ ಡಿಡಿಆರ್4 ಪಟ್ಟಿಗಳಿರುವವರಿಗೆ, ಇಲ್ಲವೇ ನಂಬಿಕೆಯ ಕಡೆ ಬಳಸಿದ ಪಟ್ಟಿಗಳು ಸಿಗುವವರಿಗೆ ಉತ್ತರ ಸ್ಪಷ್ಟ. ರೈಜೆನ್ 5 5600 ಅಥವಾ ಕೋರ್ ಐ5 12400ಎಫ್, ಎರಡೂ 2022ರ ಆರು ಕೋರ್‌ಗಳ ಪ್ರಾಸೆಸರ್‌ಗಳು, ಮಧ್ಯಮ ದರ್ಜೆಯ ಕಾರ್ಡ್ ಒಂದನ್ನು ಇಂದಿಗೂ ಸಲೀಸಾಗಿ ನಡೆಸಬಲ್ಲವು. ಹೊಸದಾಗಿಯೇ ಮೆಮೊರಿ ಕೊಳ್ಳಬೇಕಾದವರಿಗೆ ಲೆಕ್ಕ ಬೇರೆ. ತಯಾರಕರು ಡಿಡಿಆರ್4 ಉತ್ಪಾದನೆಯನ್ನು ಕಡಿತಗೊಳಿಸುತ್ತ ಬಂದಿದ್ದರಿಂದ 2025ರ ಮಧ್ಯಭಾಗದಲ್ಲೇ ಅದರ ಬೆಲೆಯೂ ಜಿಗಿದಿತ್ತು. ಎರಡರ ಅಂತರ ಅಲ್ಪವಿದ್ದರೆ ಎಎಂ5 ಕಡೆ ಹೋಗುವುದೇ ಒಳಿತು. ಈ ವ್ಯವಸ್ಥೆಯನ್ನು 2027ರವರೆಗೆ ಹಾಗೂ ಅದರಾಚೆಗೂ ಪೋಷಿಸುವುದಾಗಿ ಎಎಂಡಿ ಮಾತು ಕೊಟ್ಟಿದೆ. ಇಂದು ಕೊಂಡ ದುಬಾರಿ ಮೆಮೊರಿ ನಾಳಿನ ಪ್ರಾಸೆಸರ್‌ಗೂ ಉಪಯೋಗಕ್ಕೆ ಬರುತ್ತದೆ.

ಮೊದಲು ಪರದೆ, ಆಮೇಲೆ ಕಾರ್ಡ್

ಗ್ರಾಫಿಕ್ಸ್ ಕಾರ್ಡ್‌ನ ಆಯ್ಕೆ ಮಾನಿಟರ್‌ನಿಂದ ಆರಂಭವಾಗಬೇಕು. 1080ಪಿ ಪರದೆಯಲ್ಲಿ ಆಡುವವರು 1440ಪಿಗೆ ತಕ್ಕ ಕಾರ್ಡ್ ಕೊಂಡರೆ ಹಣ ಪೋಲು. 2025ರ ಮೇ ತಿಂಗಳಲ್ಲಿ ಬಂದ ಎನ್‌ವಿಡಿಯಾ ಆರ್‌ಟಿಎಕ್ಸ್ 5060ರಲ್ಲಿ 8 ಜಿಬಿ ಮೆಮೊರಿಯಿದೆ. ಮರುತಿಂಗಳು ಬಂದ ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ 8 ಮತ್ತು 16 ಜಿಬಿಯ ಎರಡು ರೂಪಗಳಲ್ಲಿದೆ. 2024ರ ಡಿಸೆಂಬರ್‌ನಲ್ಲಿ ಬಂದ ಇಂಟೆಲ್ ಆರ್ಕ್ ಬಿ580ರಲ್ಲಿ 12 ಜಿಬಿ ಇದೆ.

ಕಾರ್ಡ್‌ನ ಮೆಮೊರಿ ತುಂಬಿದಾಗ ಆಟದ ಚಿತ್ರಗಳು ಕಂಪ್ಯೂಟರ್‌ನ ಮುಖ್ಯ ಮೆಮೊರಿಗೆ ಚೆಲ್ಲುತ್ತವೆ. ಅಲ್ಲಿಯೂ ಬರೀ 16 ಜಿಬಿ ಇದ್ದರೆ ಎರಡೂ ಕಡೆ ಇಕ್ಕಟ್ಟು. ಆದ್ದರಿಂದ ಮುಖ್ಯ ಮೆಮೊರಿಯಲ್ಲಿ ಕೈ ಬಿಗಿ ಹಿಡಿದವರು ಕಾರ್ಡ್‌ನಲ್ಲಿ 12 ಅಥವಾ 16 ಜಿಬಿ ನೋಡುವುದು ವಿವೇಕ. ಇಂಟೆಲ್ ಆರ್ಕ್ ಕಾರ್ಡ್‌ಗಳಿಗೆ ಮದರ್‌ಬೋರ್ಡ್‌ನಲ್ಲಿ 'ರೀಸೈಜಬಲ್ ಬಾರ್' ಸೌಲಭ್ಯ ಇರಲೇಬೇಕು. ಇಲ್ಲದ ಹಳೆಯ ಯಂತ್ರಗಳಲ್ಲಿ ಅವು ಕುಂಟುತ್ತವೆ.

ಎಲ್ಲಿ ಜಿಪುಣತನ ಸಲ್ಲದು?

ಹಣ ಮುಗಿದಾಗ ಕತ್ತರಿ ಬೀಳುವುದು ಸಾಮಾನ್ಯವಾಗಿ ಎಸ್‌ಎಂಪಿಎಸ್ ಮೇಲೆ. ಕ್ಯಾಬಿನೆಟ್ ಜತೆ ಉಚಿತವಾಗಿ ಬರುವ ಹೆಸರಿಲ್ಲದ ಎಸ್‌ಎಂಪಿಎಸ್ ಸುಟ್ಟಾಗ ತನ್ನ ಜತೆಗೆ ದುಬಾರಿ ಭಾಗಗಳನ್ನೂ ಕರೆದೊಯ್ಯಬಹುದು. ವೋಲ್ಟೇಜ್ ಏರಿಳಿತ, ಪದೇ ಪದೇ ವಿದ್ಯುತ್ ಕಡಿತ ಮಾಮೂಲಾಗಿರುವ ಊರುಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಡಬ್ಬಿಯ ಮೇಲಿನ '80 ಪ್ಲಸ್' ಮುದ್ರೆ ವಿದ್ಯುತ್ ಪೋಲಾಗದಿರುವುದಕ್ಕೆ ಸಿಕ್ಕ ಪ್ರಮಾಣಪತ್ರವೇ ಹೊರತು ಒಟ್ಟಾರೆ ಗುಣಮಟ್ಟಕ್ಕಲ್ಲ. ಹಾಗೆಂದು ಅಗತ್ಯಕ್ಕಿಂತ ದೊಡ್ಡದೂ ಬೇಡ. ಆರ್‌ಟಿಎಕ್ಸ್ 5060 ಬಳಸುವುದು 145 ವ್ಯಾಟ್, ಬಿ580 ಬಳಸುವುದು 190 ವ್ಯಾಟ್. ಇಂಥ ಯಂತ್ರಗಳಿಗೆ ಉತ್ತಮ ಸಂಸ್ಥೆಯ 550 ವ್ಯಾಟ್ ಎಸ್‌ಎಂಪಿಎಸ್ ಧಾರಾಳ.

ಕ್ರಮಸಂಖ್ಯೆ ನಮೂದಿಸಿದ ಜಿಎಸ್‌ಟಿ ಬಿಲ್ಲನ್ನು ಬಿಡಬಾರದು. ಬಿಲ್ಲಿಲ್ಲದೆ ಉಳಿಸಿದ ಹಣ, ಮೆಮೊರಿಯಂಥ ದುಬಾರಿ ವಸ್ತು ಕೆಟ್ಟ ದಿನ ವಾರಂಟಿಯನ್ನೇ ಕಳೆದುಕೊಳ್ಳುವಂತೆ ಮಾಡೀತು. ಬಣ್ಣದ ದೀಪಗಳು, ಗಾಜಿನ ಕ್ಯಾಬಿನೆಟ್, ನೀರಿನ ಕೂಲರ್ ಇವುಗಳನ್ನು ಕೈಬಿಟ್ಟರೆ ಆಟಕ್ಕೆ ಯಾವ ಕೊರತೆಯೂ ಆಗದು. ಗಾಳಿ ಚೆನ್ನಾಗಿ ಆಡುವ ಕ್ಯಾಬಿನೆಟ್ ಇದ್ದರೆ ಕಲಬುರಗಿಯ ಬೇಸಿಗೆಗೂ ಅದೇ ಸಾಕು.

ಹಳೆಯ ಯಂತ್ರದ ಆಕರ್ಷಣೆ

ಕಚೇರಿಗಳು ವಿಲೇವಾರಿ ಮಾಡಿದ ಹಳೆಯ ಕಂಪ್ಯೂಟರ್‌ಗೆ ಒಂದು ಕಾರ್ಡ್ ಸೇರಿಸುವುದು ಅತ್ಯಂತ ಅಗ್ಗದ ದಾರಿ ಎಂಬ ಮಾತಿದೆ. ಮೆಮೊರಿ ಜತೆಗೇ ಬರುವುದರಿಂದ ಆ ಮಾತಿಗೆ ಈಗ ಬಲವೂ ಬಂದಿದೆ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11ಕ್ಕೆ ಇಂಟೆಲ್‌ನ 8ನೇ ತಲೆಮಾರು ಅಥವಾ ಅದರ ನಂತರದ ಪ್ರಾಸೆಸರ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. 2025ರ ಅಕ್ಟೋಬರ್‌ನಲ್ಲಿ ಬಂದ 'ಬ್ಯಾಟಲ್‌ಫೀಲ್ಡ್ 6', 'ಸೆಕ್ಯೂರ್ ಬೂಟ್' ಇಲ್ಲದ ಯಂತ್ರದಲ್ಲಿ ತೆರೆದುಕೊಳ್ಳುವುದಿಲ್ಲ. ವಿಂಡೋಸ್ 11ರಲ್ಲಿ 'ವ್ಯಾಲರಂಟ್' ಕೂಡ ಇದೇ ಷರತ್ತು ಹಾಕುತ್ತದೆ. ಈ ಎರಡನ್ನು ಖಚಿತಪಡಿಸಿಕೊಳ್ಳದೆ ಕೊಂಡ ಹಳೆಯ ಯಂತ್ರ ಎಷ್ಟೇ ಅಗ್ಗವಾದರೂ ದುಬಾರಿಯೇ.

ಆಟವಷ್ಟೇ ಅಲ್ಲ

ಇದೆಲ್ಲ ಹುಡುಗರ ಶೋಕಿಯ ಮಾತೆಂದು ತಳ್ಳಿಹಾಕುವಂತಿಲ್ಲ. ಮಧ್ಯಮ ವರ್ಗದ ಮನೆಯಲ್ಲಿ ಗೇಮಿಂಗ್ ಕಂಪ್ಯೂಟರ್ ಎಂಬುದು ರಾತ್ರಿ ಆಟದ ಯಂತ್ರವಾದರೆ ಹಗಲು ವಿಡಿಯೊ ಸಂಕಲನ, ಅನಿಮೇಷನ್, ಎಂಜಿನಿಯರಿಂಗ್ ವಿನ್ಯಾಸಗಳ ಪಾಠಶಾಲೆ. ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕಾಗಿ 2012ರಲ್ಲೇ ಪ್ರತ್ಯೇಕ ನೀತಿ ರೂಪಿಸಿದ ರಾಜ್ಯ ಕರ್ನಾಟಕ. 2024–29ರ ಅವಧಿಗೆ ಹೊಸ ನೀತಿಯೂ ಬಂದಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿದರೂ ಇ-ಕ್ರೀಡೆಗೆ ಮಾನ್ಯತೆ ನೀಡಿದೆ. ಆದರೆ ಈ ಉದ್ಯಮಕ್ಕೆ ಬೇಕಾದ ಯುವಕ ಯುವತಿಯರು ಮೊದಲು ಕೈ ಪಳಗಿಸಿಕೊಳ್ಳುವುದು ಇಂಥ ಅಸೆಂಬಲ್ ಮಾಡಿದ ಯಂತ್ರಗಳ ಮೇಲೆಯೇ.

ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲೇ ತೆರೆಯಿತು. ಗುಜರಾತಿನ ಸಾಣಂದ್‌ಗೆ ಮೈಕ್ರಾನ್ ಕೂಡ ಬಂದಿದೆ. ಆದರೆ ಅದು ಚಿಪ್‌ಗಳ ಜೋಡಣೆ ಮತ್ತು ಪರೀಕ್ಷೆಯ ಘಟಕ, ಬಿಲ್ಲೆ ತಯಾರಿಸುವ ಕಾರ್ಖಾನೆಯಲ್ಲ. ಅಂದರೆ ಚಿಪ್ ವಿನ್ಯಾಸದ ಬುದ್ಧಿ ಇಲ್ಲಿದೆ, ಬೆಲೆಯ ಹಗ್ಗ ಬೇರೆಯವರ ಕೈಯಲ್ಲಿದೆ. ಆ ಹಗ್ಗ ಸಡಿಲವಾಗುವವರೆಗೆ ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಅನಿವಾರ್ಯ: 16 ಜಿಬಿ ಮೆಮೊರಿ, ಪರದೆಗೆ ತಕ್ಕ ಕಾರ್ಡ್, ನಂಬಬಹುದಾದ ಎಸ್‌ಎಂಪಿಎಸ್, ಮುಂದೆ ಬೆಳೆಸಲು ಖಾಲಿ ಉಳಿದ ಒಂದು ಸ್ಲಾಟ್.