ಬೆಂಗಳೂರಿನ ಗೋಲು ಕಾಯ್ದ ಪಂಜಾಬಿ

ಕಾಲ್ಚೆಂಡಿನ ತಂಡದಲ್ಲಿ ಹನ್ನೊಂದು ಮಂದಿ. ಅವರಲ್ಲಿ ಹತ್ತು ಮಂದಿ ಆಡುತ್ತಾರೆ, ಒಬ್ಬನು ಕಾಯುತ್ತಾನೆ. ಇಪ್ಪತ್ತನಾಲ್ಕು ಅಡಿ ಅಗಲ, ಎಂಟು ಅಡಿ ಎತ್ತರದ ಒಂದು ಬಾಗಿಲು ಅವನ ವಶದಲ್ಲಿರುತ್ತದೆ. ಅದಕ್ಕೆ ಕದವೂ ಇಲ್ಲ, ಅಗಳಿಯೂ ಇಲ್ಲ. ಎಂಬತ್ತೊಂಬತ್ತು ನಿಮಿಷ ಕಾಯ್ದು ತೊಂಬತ್ತನೆಯ ನಿಮಿಷದಲ್ಲಿ ಕೈ ಸೋತರೆ ಮರುದಿನದ ಪತ್ರಿಕೆಯಲ್ಲಿ ಅಚ್ಚಾಗುವುದು ಆ ಒಂದು ನಿಮಿಷದ ಸಂಗತಿಯೇ. ಈ ನ್ಯಾಯ ನಮ್ಮ ವಾಚಕರಿಗೆ ಹೊಸತಲ್ಲ. ಮುಂಜಾನೆಯಿಂದ ನೂರು ದೋಸೆ ಹದವಾಗಿ ಹೊಯ್ದ ಭಟ್ಟರನ್ನು ಯಾರೂ ಹೊರಗೆ ಕರೆದು ಹೊಗಳುವುದಿಲ್ಲ. ನೂರೊಂದನೆಯದು ಸೀದುಹೋದರೆ ದೂರು ಗಲ್ಲಾಪೆಟ್ಟಿಗೆಯವರೆಗೆ ಹೋಗುತ್ತದೆ. ಕಚೇರಿಯ ಗುಮಾಸ್ತನ ಹೆಸರು ಮೇಲಧಿಕಾರಿಯ ನೆನಪಿಗೆ ಬರುವುದು ಕಡತ ಕಳೆದುಹೋದ ದಿನ ಮಾತ್ರ.

ಈ ಪೀಠಿಕೆಗೆ ಕಾರಣವಿದೆ. ಬೆಂಗಳೂರು ತಂಡದ ಗೋಲುರಕ್ಷಕರಾಗಿ ಹೆಸರು ಮಾಡಿದ ಶ್ರೀ ಗುರುಪ್ರೀತ್ ಸಿಂಗ್ ಸಂಧು ಅವರ ಮಾತು ಬಂದಾಗಲೆಲ್ಲ ನಮ್ಮ ದಿಲ್ಲಿಯ ಕನ್ನಡಿಗರ ಕೂಟಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: “ಆತ ಪಂಜಾಬಿಯಲ್ಲವೇ? ನಮಗೂ ಆತನಿಗೂ ಏನು ಸಂಬಂಧ?” ಬೆಂಗಳೂರಿನಲ್ಲಿ ಕುಳಿತವರು ಈ ಪ್ರಶ್ನೆ ಕೇಳಿದರೆ ಒಂದು ತೂಕ. ಉಡುಪಿ, ಕುಂದಾಪುರ, ಹಾಸನ, ಧಾರವಾಡಗಳಿಂದ ಹೊಟ್ಟೆಪಾಡಿಗಾಗಿ ಯಮುನೆಯ ದಡಕ್ಕೆ ಬಂದು, ಇಲ್ಲಿಯ ಜನರಿಗೆ ಇಡ್ಲಿ ಬಡಿಸಿ, ಇಲ್ಲಿಯ ಸರ್ಕಾರದ ಲೆಕ್ಕ ಬರೆದು, ಮಕ್ಕಳನ್ನು ಇಲ್ಲಿಯೇ ಓದಿಸಿದ ನಾವು ಕೇಳುವುದು ಬೇರೆಯದೇ ತೂಕ. ನಮ್ಮನ್ನು ಒಂದೇ ಮಾತಿನಲ್ಲಿ “ಮದ್ರಾಸಿ”ಗಳೆಂದು ಕರೆದು ಬದಿಗೆ ಸರಿಸಿದಾಗ ನಮ್ಮ ಮೈ ಉರಿದದ್ದುಂಟು. ಅದೇ ಅಳತೆಗೋಲನ್ನು ನಾವು ಇನ್ನೊಬ್ಬರಿಗೆ ಹಿಡಿಯುವುದು ಹೇಗೆ?

ಸಂಧು ಅವರ ವೃತ್ತಾಂತವನ್ನು ನೋಡೋಣ. ಹುಟ್ಟಿದ್ದು 1992ರ ಫೆಬ್ರುವರಿ 3ರಂದು. ಬೆಳೆದದ್ದು ಚಂಡೀಗಢದ ಆಸುಪಾಸಿನಲ್ಲಿ. ಪಂಜಾಬದ ಹುಡುಗನಿಗೆ ಹಾಕಿಯ ಕೋಲು, ಕ್ರಿಕೆಟ್ಟಿನ ದಾಂಡು ಕೈಗೆಟಕುವಷ್ಟು ಸುಲಭವಾಗಿ ಗೋಲ್‌ಕೀಪರನ ಕೈಗವಸು ಎಟಕುವುದಿಲ್ಲ. ಹದಿಹರೆಯದಲ್ಲಿಯೇ ಊರು ಬಿಟ್ಟು ಕೋಲ್ಕತ್ತೆಗೆ ಹೋಗಿ ಈಸ್ಟ್ ಬೆಂಗಾಲ್ ತಂಡವನ್ನು ಸೇರಿದರು. ಅಲ್ಲಿ ಭಾಷೆ ಬೇರೆ, ಊಟ ಬೇರೆ. ಮೀನಿನ ಸಾರಿಗೂ ಮಕ್ಕೆ ರೊಟ್ಟಿಗೂ ಎಲ್ಲಿಯ ನಂಟು! 2014ರ ಆಗಸ್ಟಿನಲ್ಲಿ ಇನ್ನೂ ದೂರ ನಡೆದು ನಾರ್ವೆ ದೇಶದ ಸ್ಟಾಬೆಕ್ ತಂಡಕ್ಕೆ ಹೋದರು. ಆ ಚಳಿಯ ದೇಶದಲ್ಲಿ ತಂಡ ಸೇರಿದ ಮಾತ್ರಕ್ಕೆ ಆಟ ಸಿಗಲಿಲ್ಲ. ಲೀಗಿನ ಮೊದಲ ಪಂದ್ಯಕ್ಕೆ 2016ರ ಮೇ ತಿಂಗಳವರೆಗೆ ಕಾಯಬೇಕಾಯಿತು. ಗೋಲುರಕ್ಷಕನ ಸ್ಥಾನ ಒಂದೇ. ಮುಂದಾಳುಗಳಂತೆ ಎಡದಲ್ಲಿಲ್ಲದಿದ್ದರೆ ಬಲದಲ್ಲಿ ಎಂದು ಸರಿಹೊಂದಿಸುವಂತಿಲ್ಲ. ಇರುವ ಒಬ್ಬನು ಗಟ್ಟಿಯಾಗಿದ್ದರೆ ಎರಡನೆಯವನು ವರ್ಷಗಟ್ಟಲೆ ಬೆಂಚಿನ ಮೇಲೆ ಕೂರಬೇಕು. ಕೂತೂ ಪ್ರತಿದಿನ ಮೊದಲನೆಯವನಷ್ಟೇ ಬೆವರು ಸುರಿಸಬೇಕು. ಅದೇ ವರ್ಷದ ಜೂನ್ 30ರಂದು ಯೂರೋಪಾ ಲೀಗಿನ ಪಂದ್ಯದಲ್ಲಿ ಆಡಿ, ಆ ಪಂದ್ಯಾವಳಿಯಲ್ಲಿ ಕಣಕ್ಕಿಳಿದ ಮೊದಲ ಭಾರತೀಯರಾದರು. ಮತ್ತೆ ಎರಡು ತಿಂಗಳಲ್ಲಿ, ಮುಂಬಯಿಯಲ್ಲಿ ಪೋರ್ಟೊ ರಿಕೊ ವಿರುದ್ಧ ಭಾರತದ ನಾಯಕತ್ವ.

ಬೆಂಗಳೂರಿಗೆ ಬಂದದ್ದು 2017ರಲ್ಲಿ. ಅಲ್ಲಿಂದ ಮುಂದಿನದು ಬಹುಮಟ್ಟಿಗೆ ಎಲ್ಲರೂ ಬಲ್ಲ ಕಥೆ: 2018-19ರಲ್ಲಿ ಬೆಂಗಳೂರು ತಂಡಕ್ಕೆ ಲೀಗಿನ ಕಿರೀಟ, ಆ ಋತುವಿನಲ್ಲೂ ಮರುಋತುವಿನಲ್ಲೂ ಶ್ರೇಷ್ಠ ಗೋಲುರಕ್ಷಕನ ಬಹುಮಾನ, 2019ರಲ್ಲಿ ಅರ್ಜುನ ಪ್ರಶಸ್ತಿ, 2022ರಲ್ಲಿ ಡ್ಯುರಾಂಡ್ ಕಪ್. ಇವುಗಳಿಗಿಂತ 2019ರ ಸೆಪ್ಟೆಂಬರ್ 10ರ ರಾತ್ರಿಯನ್ನು ನಾನು ಮೇಲೆ ಇಡುತ್ತೇನೆ. ದೋಹಾದಲ್ಲಿ ಏಷ್ಯಾದ ಚಾಂಪಿಯನ್ ಕತಾರಿನ ಎದುರು ಪಂದ್ಯ. ನಾಯಕ ಸುನಿಲ್ ಛೇತ್ರಿ ಅಸ್ವಸ್ಥರಾಗಿ ಹೊರಗುಳಿದಿದ್ದರು. ತೋಳಪಟ್ಟಿ ಸಂಧು ಅವರದಾಯಿತು. ಎದುರಾಳಿಗಳು ಇಪ್ಪತ್ತೈದಕ್ಕೂ ಹೆಚ್ಚು ಬಾರಿ ಗೋಲಿಗೆ ಗುರಿಯಿಟ್ಟರು. ಒಂದೂ ಒಳಹೋಗಲಿಲ್ಲ. ಗೋಲಿಲ್ಲದೆ ಮುಗಿದ ಪಂದ್ಯವನ್ನು ನೀರಸವೆನ್ನುವವರಿದ್ದಾರೆ. ಅಂಥವರು ಆ ರಾತ್ರಿಯ ಆಟವನ್ನು ನೋಡಿರಲಾರರು.

ಇನ್ನು 2023ರ ಜುಲೈ 4. ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ದಕ್ಷಿಣ ಏಷ್ಯಾ ಪಂದ್ಯಾವಳಿಯ ಅಂತಿಮ ಪಂದ್ಯ, ಎದುರಿಗೆ ಅತಿಥಿಯಾಗಿ ಬಂದ ಕುವೈತ್. ಮೂರು ದಿನಗಳ ಹಿಂದಷ್ಟೇ ಲೆಬನಾನನ್ನು ಪೆನಾಲ್ಟಿ ಒದೆತಗಳಲ್ಲಿ ಸೋಲಿಸಿಯಾಗಿತ್ತು. ಈ ದಿನವೂ 1-1 ಸಮವಾಗಿ ಮತ್ತೆ ಅದೇ ಪರೀಕ್ಷೆ. ಹನ್ನೆರಡು ಗಜ ದೂರದಿಂದ ಒದ್ದ ಚೆಂಡು ಅರ್ಧ ಸೆಕೆಂಡಿನೊಳಗೆ ಗೋಲಿನ ಗೆರೆ ಮುಟ್ಟುತ್ತದೆ. ನೋಡಿ ಹಾರಿದರೆ ತಡ, ನೋಡದೆ ಹಾರಿದರೆ ಜೂಜು. ಐದೈದು ಒದೆತಗಳಲ್ಲಿಯೂ ಇತ್ಯರ್ಥವಾಗದೆ ಆರನೆಯದಕ್ಕೆ ಬಂದಾಗ ಕುವೈತಿನ ಖಾಲಿದ್ ಹಾಜಿಯಾ ಒದ್ದ ಚೆಂಡನ್ನು ಸಂಧು ತಡೆದರು, ಕಪ್ ಭಾರತದ್ದಾಯಿತು. ಅಂದು ಕಂಠೀರವದಲ್ಲಿ ಕೂಗಿ ಕೂಗಿ ಗಂಟಲು ಒಣಗಿಸಿಕೊಂಡ ಸಾವಿರಾರು ಜನರಲ್ಲಿ ಆತನ ಊರನ್ನು ಯಾರು ವಿಚಾರಿಸಿದರು?

ಹೀಗೆಂದ ಮಾತ್ರಕ್ಕೆ ಕನ್ನಡ ನಾಡಿನಲ್ಲಿ ಹುಟ್ಟಿದ ಗೋಲುರಕ್ಷಕರೇ ಇರಲಿಲ್ಲವೆಂದು ತಿಳಿಯಬಾರದು. ಇದ್ದರು, ನಾವು ಮರೆತೆವು. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸಿನಲ್ಲಿ, ಇಲ್ಫರ್ಡ್ ಎಂಬಲ್ಲಿ, ಸ್ವತಂತ್ರ ಭಾರತದ ಕಾಲ್ಚೆಂಡಿನ ತಂಡ ಫ್ರಾನ್ಸನ್ನು ಎದುರಿಸಿತು. ಆ ಪಂದ್ಯದ ವಿಷಯವಾಗಿ ಎರಡು ಮಾತುಗಳು ಲೋಕಪ್ರಸಿದ್ಧವಾಗಿವೆ: ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು, ಮತ್ತು ಎರಡು ಪೆನಾಲ್ಟಿಗಳನ್ನು ಕಳೆದುಕೊಂಡರು. ಒಂದು ಗೋಲು ಹಿಂದಿದ್ದಾಗ ಎಪ್ಪತ್ತನೆಯ ನಿಮಿಷದಲ್ಲಿ ಸಮಮಾಡಿದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಎಂಬತ್ತೊಂಬತ್ತನೆಯ ನಿಮಿಷದಲ್ಲಿ ಫ್ರೆಂಚರು ಎರಡನೆಯ ಗೋಲು ಹೊಡೆದು ಗೆದ್ದರು. ಆ ದಿನ ಭಾರತದ ಗೋಲಿನಲ್ಲಿ ನಿಂತವರು ಮೈಸೂರು ಸಂಸ್ಥಾನದ ಆಟಗಾರ ಕೆಂಚಪ್ಪ ವರದರಾಜ್. ಬರಿಗಾಲಿನ ಕಥೆಯನ್ನು ಮೊಮ್ಮಕ್ಕಳಿಗೂ ಹೇಳುವ ನಾವು ಈ ಹೆಸರನ್ನು ಎಷ್ಟು ಸಲ ಉಚ್ಚರಿಸಿದ್ದೇವೆ? ಅದೇ ತಂಡದ ಎರಡನೆಯ ಗೋಲುರಕ್ಷಕರು ಸಂಜೀವ ಉಚ್ಚಿಲ್. ಮುಂಬಯಿಯ ಪರವಾಗಿ ಆಡುತ್ತಿದ್ದವರು. ಆ ಹೆಸರಿನ ಕೊನೆಯ ಪದವನ್ನು ಕೇಳಿದೊಡನೆ ಕರಾವಳಿಯ ನಮ್ಮ ವಾಚಕರ ಕಿವಿ ನಿಮಿರುತ್ತದೆಂದು ಬಲ್ಲೆ. ಲಂಡನ್ನಿನವರೆಗೆ ಹೋಗಿ, ಒಲಿಂಪಿಕ್ಸಿನಲ್ಲಿ ತಂಡ ಆಡಿದ ಏಕೈಕ ಪಂದ್ಯವನ್ನು ಹೊರಗೆ ಕುಳಿತು ನೋಡಿ ಹಿಂದಿರುಗುವುದು ಎರಡನೆಯ ಗೋಲುರಕ್ಷಕನ ಹಣೆಬರಹ.

ಈ ಮರೆವಿಗೆ ಕಾರಣವೇನು? ನನ್ನ ಅಭಿಪ್ರಾಯದಲ್ಲಿ ಬೆಂಗಳೂರಿನ ಕಾಲ್ಚೆಂಡು ದಂಡು ಪ್ರದೇಶದ ಆಟವಾಗಿದ್ದುದೇ ಮುಖ್ಯ ಕಾರಣ. ಆಸ್ಟಿನ್ ಟೌನ್, ಗೌತಮಪುರ ಮುಂತಾದ ಮೊಹಲ್ಲಾಗಳಲ್ಲಿ ಅದು ಬೆಳೆಯಿತು; ಅಲ್ಲಿಯ ಮನೆಗಳಲ್ಲಿ ತಮಿಳು, ಉರ್ದು, ಇಂಗ್ಲಿಷ್ ಕೇಳಿಬರುತ್ತಿದ್ದವು. ಪೇಟೆಯ ಕಡೆಯ ಸಾಹಿತಿಗಳಿಗೂ ಪತ್ರಿಕೆಯವರಿಗೂ ಆ ಮಕ್ಕಳು ಅರ್ಧ ಪರಕೀಯರಂತೆ ಕಂಡರು. 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದ ಬೆಂಗಳೂರು ಮುಸ್ಲಿಮ್ಸ್ ತಂಡವನ್ನಾಗಲಿ, ಲಂಡನ್ನಿನಲ್ಲಿ ಆಡಿದ ಅಹ್ಮದ್ ಖಾನರನ್ನಾಗಲಿ ಕನ್ನಡದ ಹೆಮ್ಮೆಯ ಪಟ್ಟಿಯಲ್ಲಿ ಯಾರೂ ಬರೆಯಲಿಲ್ಲ. ಆದರೂ ಅವರು ಆಡಿದ್ದು ಮೈಸೂರಿನ ಹೆಸರಿನಲ್ಲಿ. ಸಂತೋಷ್ ಟ್ರೋಫಿಯನ್ನು ಮೈಸೂರು 1946-47, 1952-53, 1967-68, 1968-69ರಲ್ಲಿ, ನಾಲ್ಕು ಬಾರಿಯೂ ಬಂಗಾಳವನ್ನು ಅಂತಿಮ ಪಂದ್ಯದಲ್ಲಿ ಮಣಿಸಿ, ತಂದಿತು. ಐದನೆಯದಕ್ಕೆ 2023ರ ಮಾರ್ಚ್ 4ರವರೆಗೆ, ಸೌದಿ ಅರೇಬಿಯಾದ ರಿಯಾಧಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸುವವರೆಗೆ, ಕಾಯಬೇಕಾಯಿತು. ಹತ್ತಿರವಿದ್ದವರನ್ನು ದೂರ ಇಟ್ಟ ಮನೆಗೆ ಬರಗಾಲ ಬಂದರೆ ಆಶ್ಚರ್ಯವೇನು?

ಕನ್ನಡದ ಹುಡುಗರನ್ನೇ ಗೋಲುರಕ್ಷಕರನ್ನಾಗಿ ತಯಾರು ಮಾಡಬೇಕೆಂಬ ವಾದ ಸರಿಯಾದದ್ದೇ. ಜಿಲ್ಲೆಗೊಂದು ಒಳ್ಳೆಯ ಮೈದಾನವಾದರೂ ಬೇಕು. ಆದರೆ ಅದು ಸರ್ಕಾರಕ್ಕೂ ಸಂಸ್ಥೆಗಳಿಗೂ ಕೇಳಬೇಕಾದ ಪ್ರಶ್ನೆ. ದುಡಿಯಲು ಬಂದವನನ್ನು ಕಟಕಟೆಗೆ ನಿಲ್ಲಿಸುವುದು ಅದಕ್ಕೆ ಉತ್ತರವಲ್ಲ.

ದುಡಿಮೆಯ ಮಾತು ಬಂದದ್ದರಿಂದ ಇನ್ನೊಬ್ಬ ಗೋಲುರಕ್ಷಕರನ್ನು ಸ್ಮರಿಸಬೇಕು. ಹೈದರಾಬಾದಿನಲ್ಲಿ ಹುಟ್ಟಿದ ಪೀಟರ್ ತಂಗರಾಜ್ ಮೊದಲು ಮುಂದಾಳಾಗಿ ಆಡುತ್ತಿದ್ದವರು; ಸೈನ್ಯಕ್ಕೆ ಸೇರಿ, ನೀಲಗಿರಿಯ ವೆಲ್ಲಿಂಗ್ಟನ್ನಿನಲ್ಲಿದ್ದ ಮದ್ರಾಸ್ ರೆಜಿಮೆಂಟಲ್ ಸೆಂಟರಿನ ಗೋಲುರಕ್ಷಕರಾದರು. ಇದೇ ದಿಲ್ಲಿಯಲ್ಲಿ ಆ ತಂಡ 1955ರಲ್ಲಿಯೂ 1958ರಲ್ಲಿಯೂ ಡ್ಯುರಾಂಡ್ ಕಪ್ಪನ್ನು ಗೆದ್ದಿತು. 1956 ಮತ್ತು 1960ರ ಒಲಿಂಪಿಕ್ಸ್, 1962ರ ಜಕಾರ್ತಾದ ಚಿನ್ನದ ಪದಕ, 1967ರಲ್ಲಿ ಅರ್ಜುನ ಪ್ರಶಸ್ತಿ. ಆ ಕಾಲದ ಕಾಲ್ಚೆಂಡಿನವರಿಗೆ ಸೈನ್ಯವೋ, ರೈಲ್ವೆಯೋ, ಬೆಂಗಳೂರಿನಲ್ಲಾದರೆ ಎಚ್.ಎ.ಎಲ್., ಐ.ಟಿ.ಐ.ಗಳಂಥ ಕಾರ್ಖಾನೆಯೋ ಅನ್ನದ ದಾರಿ. ಸಂಬಳ ಕಡಿಮೆ, ಆದರೆ ಒಂದನೆಯ ತಾರೀಖು ತಪ್ಪುತ್ತಿರಲಿಲ್ಲ, ಮೊಣಕಾಲು ಸೋತ ಮೇಲೂ ಕುರ್ಚಿಯೊಂದು ಉಳಿಯುತ್ತಿತ್ತು.

ಇಂದಿನ ಏರ್ಪಾಡು ಬೇರೆ. ಕರಾರು ದೊಡ್ಡದು, ಹಣವೂ ದೊಡ್ಡದು. ಆದರೆ 2025ರ ಜುಲೈಯಲ್ಲಿ ಲೀಗನ್ನು ನಡೆಸುತ್ತಿದ್ದ ಕಂಪನಿ, ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದೊಡನೆ ತನ್ನ ಒಪ್ಪಂದ ಮುಂದುವರಿಯುವುದು ಖಚಿತವಾಗದ ಕಾರಣ, ಹೊಸ ಋತುವನ್ನು ತಡೆಹಿಡಿಯಿತು. ಆಗಸ್ಟ್ ಮೊದಲ ವಾರದಲ್ಲಿ ಬೆಂಗಳೂರು ಎಫ್.ಸಿ. ಒಂದು ಪ್ರಕಟಣೆ ಹೊರಡಿಸಿತು: ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನ ಅನಿರ್ದಿಷ್ಟ ಕಾಲ ಸ್ಥಗಿತ. ಆಟಗಾರರ ಮಾತಿರಲಿ, ಅವರಲ್ಲಿ ಕೆಲವರಿಗಾದರೂ ಕೂಡಿಟ್ಟದ್ದಿರುತ್ತದೆ. ಸಿಬ್ಬಂದಿ ಎಂಬ ಪದದೊಳಗೆ ಯಾರು ಯಾರು ಇರುತ್ತಾರೆಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವ್ಯಾಪಾರ ಮಂದವಾಯಿತೆಂದು “ಈ ತಿಂಗಳು ಸ್ವಲ್ಪ ತಡೆಯಿರಿ” ಎಂಬ ಮಾತನ್ನು ನಮ್ಮಲ್ಲಿ ಎಷ್ಟು ಮಂದಿ ಕೇಳಿಲ್ಲ! ಒಕ್ಕೂಟಕ್ಕೂ ಕಂಪನಿಗೂ ನಡೆದ ಜಗ್ಗಾಟದಲ್ಲಿ ಯಾರ ತಪ್ಪು ಎಷ್ಟೆಂಬುದನ್ನು ವಕೀಲರು ನಿರ್ಧರಿಸಲಿ. ಅದರ ಬೆಲೆಯನ್ನು ಮಾತುಕತೆಯ ಮೇಜಿನ ಬಳಿ ಸ್ಥಾನವೇ ಇಲ್ಲದವರು ತೆತ್ತರೆಂಬುದು ಮಾತ್ರ ನಿರ್ವಿವಾದ.

ಆ ಪ್ರಕಟಣೆ ಹೊರಟು ಒಂದು ತಿಂಗಳಷ್ಟೇ ಆಗಿತ್ತು. 2025ರ ಸೆಪ್ಟೆಂಬರ್ 8ರಂದು ತಾಜಿಕಿಸ್ತಾನದ ಹಿಸೋರಿನಲ್ಲಿ, ಮಧ್ಯ ಏಷ್ಯಾದ ಒಂದು ಪಂದ್ಯಾವಳಿಯ ಮೂರನೆಯ ಸ್ಥಾನಕ್ಕಾಗಿ ಭಾರತ ಒಮಾನನ್ನು ಎದುರಿಸಿತು. ಮತ್ತೆ 1-1, ಮತ್ತೆ ಪೆನಾಲ್ಟಿ ಒದೆತಗಳು. ಒಮಾನಿನ ಕೊನೆಯ ಒದೆತವನ್ನು ಸಂಧು ತಡೆದು ಭಾರತವನ್ನು 3-2ರಿಂದ ಗೆಲ್ಲಿಸಿದರು. ವಯಸ್ಸು ಮೂವತ್ತಮೂರು ದಾಟಿತ್ತು.

ದಿಲ್ಲಿಗೂ ಈ ಕಥೆಗೂ ಇನ್ನೊಂದು ವಿನೋದದ ಕೊಂಡಿಯಿದೆ. ಪಂಜಾಬ್ ಎಫ್.ಸಿ. ತಂಡ 2023ರಲ್ಲಿ ಹಿರಿಯ ಲೀಗಿಗೆ ಬಂದಾಗ ತನ್ನ ತವರು ಪಂದ್ಯಗಳನ್ನು ಆಡಿದ್ದು ನಮ್ಮ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ. 2025ರ ಅಕ್ಟೋಬರಿನಲ್ಲಿ ಹೈದರಾಬಾದಿನ ತಂಡವೊಂದು ದಿಲ್ಲಿಗೆ ಬಿಡಾರ ಬದಲಿಸಿ ಸ್ಪೋರ್ಟಿಂಗ್ ಕ್ಲಬ್ ದೆಹಲಿ ಎಂದು ಹೆಸರಿಟ್ಟುಕೊಂಡಿತು. ಊರು ಬಿಟ್ಟು ಬಂದವರಲ್ಲಿ ಈಗ ತಂಡಗಳೂ ಸೇರಿದಂತಾಯಿತು. ಪಂಜಾಬಿನ ತಂಡದ ಎದುರು ಬೆಂಗಳೂರಿನ ಅಂಗಿ ತೊಟ್ಟು ನಿಲ್ಲುವ ಪಂಜಾಬಿಯನ್ನು ಹುರಿದುಂಬಿಸಲು ದಿಲ್ಲಿಯ ಕನ್ನಡಿಗರಲ್ಲದೆ ಇನ್ನಾರು ಬರಬೇಕು?

ಆದರೆ ಪಂದ್ಯಗಳು ಬಹುಮಟ್ಟಿಗೆ ಸಂಜೆ ಏಳೂವರೆಗೆ ಆರಂಭವಾಗುತ್ತವೆ. ಹೊಟೇಲಿನಲ್ಲಿ ಗಿರಾಕಿಗಳ ನೂಕುನುಗ್ಗಲು ಶುರುವಾಗುವುದೂ ಆಗಲೇ. ಗುಮಾಸ್ತರು ಹೇಗೋ ಹೊರಟಾರು. ಭಟ್ಟರೂ ಸಪ್ಲೈಯರುಗಳೂ ಹೊರಡಲಾರರು. ಆದ್ದರಿಂದ ಹೊಟೇಲಿನ ಯಜಮಾನರಲ್ಲಿ ಒಂದು ಬಿನ್ನಹ: ಬೆಂಗಳೂರಿನ ತಂಡ ದಿಲ್ಲಿಗೆ ಬಂದ ದಿನ ಪ್ರತಿಯೊಂದು ಹೊಟೇಲಿನಿಂದ ಇಬ್ಬರಿಗಾದರೂ ಸಂಬಳ ಮುರಿಯದೆ ರಜೆ ಕೊಡಿ, ಸರದಿಯ ಮೇಲೆ ಕಳುಹಿಸಿ. ನಮ್ಮ ಕನ್ನಡ ಸಂಘಗಳು ನಾಟಕಕ್ಕೆ, ಸಂಗೀತಕ್ಕೆ ಕೊಳ್ಳುವಂತೆಯೇ ಒಂದಷ್ಟು ಟಿಕೆಟುಗಳನ್ನು ಒಟ್ಟಾಗಿ ಕೊಂಡು ಇವರಿಗೆ ಹಂಚಲಿ. ಗೋಲಿನ ಹಿಂದಿನ ಆಸನಗಳಾದರೆ ಇನ್ನೂ ಒಳ್ಳೆಯದು.