ದರ ಬರೆಯಲು ಒಂದು ಬೋರ್ಡ್ ಸಾಕು

2023ರ ಜೂನ್ 11ರಂದು ರಾಜ್ಯದ ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಶುರುವಾದ ಮೇಲೆ ಧರ್ಮಸ್ಥಳಕ್ಕೆ ಬರುವ ಹೆಂಗಸರ ಖರ್ಚಿನ ಲೆಕ್ಕವೇ ಬದಲಾಯಿತು. ಸರ್ಕಾರಿ ಬಸ್ಸಿಗೆ ಕಾಸಿಲ್ಲ, ಅನ್ನಪೂರ್ಣ ಛತ್ರದ ಊಟಕ್ಕೂ ಕಾಸಿಲ್ಲ. ಆದರೂ ಊರಿಗೆ ಮರಳುವಾಗ ಪರ್ಸು ಹಗುರಾಗಿರುತ್ತದೆ.

ದೂರದ ಪ್ರಯಾಣ ಕಾರಣವಲ್ಲ, ಹತ್ತಿರದ್ದೇ ಕಾರಣ. ಕ್ಷೇತ್ರಕ್ಕೆ ಬಂದವರು 1604ರ ಬಾಹುಬಲಿಯನ್ನು ನೋಡಲು ವೇಣೂರಿಗೆ, ಅಲ್ಲಿಂದ ಸಾವಿರ ಕಂಬದ ಬಸದಿಗೆಂದು ಮೂಡುಬಿದಿರೆಗೆ ಹೊರಡುತ್ತಾರೆ. ಈ ಭಾಗದಲ್ಲಿ ಖಾಸಗಿ ಬಸ್ಸುಗಳದೇ ಕಾರುಬಾರು; ಮಂಗಳೂರು–ಮೂಡುಬಿದಿರೆ–ಕಾರ್ಕಳ ದಾರಿಗೆ ಕೆಎಸ್‌ಆರ್‌ಟಿಸಿ ಕಾಲಿಟ್ಟದ್ದೇ ತೀರ ಇತ್ತೀಚೆಗೆ. ಖಾಸಗಿ ಬಸ್ಸಿನಲ್ಲಿ ಆಧಾರ್ ತೋರಿಸಿ ಉಪಯೋಗವಿಲ್ಲ. ಕಾಸರಗೋಡಿನ ಕನ್ನಡತಿಗಂತೂ ಸರ್ಕಾರಿ ಬಸ್ಸಿನಲ್ಲೂ ಪೂರ್ತಿ ಟಿಕೆಟ್ಟು, ವಿಳಾಸ ಕೇರಳದ್ದಲ್ಲವೇ!

ಖಾಸಗಿ ಬಸ್ಸಿಗೆ ಹಣ ಕೊಡುವುದರಲ್ಲಿ ತಪ್ಪೇನಿಲ್ಲ. ಹಳ್ಳಿಗಳ ಒಳದಾರಿಗಳಿಗೆ ಮೊದಲು ಹೋದದ್ದು ಅವೇ. ತಕರಾರಿರುವುದು ಎಷ್ಟು ಕೊಡಬೇಕೆಂದು ಹೊರಗಿನವರಿಗೆ ಗೊತ್ತಾಗದಿರುವುದರ ಬಗ್ಗೆ. ಕೆಲವು ಬಸ್ಸುಗಳಲ್ಲಿ ಟಿಕೆಟ್ಟೇ ಕೈಗೆ ಬರುವುದಿಲ್ಲ. ರಿಕ್ಷಾಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ ದರ ನಿಗದಿ ಮಾಡುತ್ತದೆ, ಆದರೆ ತಾಲೂಕು ಪೇಟೆಗಳಲ್ಲಿ ಮೀಟರ್ ತಿರುಗುವುದು ಅಪರೂಪ. ಊರಿನವರಿಗೆ ಬಾಡಿಗೆ ಬಾಯಿಪಾಠ. ಪರವೂರಿನವರು ಚಾಲಕ ಹೇಳಿದ್ದನ್ನು ಕೊಟ್ಟು, ಹೆಚ್ಚಾಯಿತೇನೋ ಎಂಬ ಅನುಮಾನವನ್ನೂ ಹೊತ್ತು ಹೋಗುತ್ತಾರೆ. ನ್ಯಾಯವಾಗಿ ಪಡೆದ ಚಾಲಕನ ಮೇಲೂ ಅದೇ ಅನುಮಾನ.

ಚಿಲ್ಲರೆಯ ಕಥೆ ಇನ್ನೊಂದು. ಜಿಂಬಾಬ್ವೆಯಲ್ಲಿ 2009ರಿಂದ ಅಮೆರಿಕದ ಡಾಲರ್ ಓಡಾಡತೊಡಗಿದಾಗ ಸೆಂಟ್ ನಾಣ್ಯಗಳೇ ಇರಲಿಲ್ಲ. ಅಂಗಡಿಯವರು ಉಳಿದ ಹಣಕ್ಕೆ ಮಿಠಾಯಿ, ಪೆನ್ನು ಕೊಡುತ್ತಿದ್ದರು. ನಮ್ಮಲ್ಲೂ ಒಂದು ರೂಪಾಯಿಗೆ ಚಾಕಲೇಟು ಕೊಡುವ ಪದ್ಧತಿ ಇತ್ತು, ಯುಪಿಐ ಬಂದು ಅದು ಕಡಿಮೆಯಾಯಿತು. ಆದರೆ ಧರ್ಮಸ್ಥಳದ ದಾರಿಯಲ್ಲಿರುವ ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಸಿಗ್ನಲ್ ಕೈಕೊಟ್ಟರೆ ಹತ್ತಿಪ್ಪತ್ತರ ನೋಟುಗಳೇ ಗತಿ. ನಗದೇ ಆದರೂ ದರ ಗೊತ್ತಿದ್ದರೆ ತೊಡಕಿಲ್ಲ: ಜೊಹಾನ್ಸ್‌ಬರ್ಗ್‌ನ ಮಿನಿಬಸ್ ಟ್ಯಾಕ್ಸಿಗಳಲ್ಲಿ ಕಂಡಕ್ಟರ್ ಇಲ್ಲ. ಹಿಂದಿನ ಸಾಲಿನ ಹಣ ಕೈಯಿಂದ ಕೈಗೆ ದಾಟಿ ಮುಂದೆ ಹೋಗುತ್ತದೆ, ಚಾಲಕನ ಪಕ್ಕದವರು ಲೆಕ್ಕ ಹಾಕಿ ಚಿಲ್ಲರೆ ಮರಳಿಸುತ್ತಾರೆ. ದರ ಎಲ್ಲರಿಗೂ ಗೊತ್ತಿರುವುದರಿಂದಲೇ ಅದು ನಡೆಯುತ್ತದೆ.

ಕಾರಿನವರಿಗೆ ಈ ಗೊಂದಲವಿಲ್ಲ. ಹೆದ್ದಾರಿಯ ಬ್ರಹ್ಮರಕೂಟ್ಲು ಟೋಲ್‌ನಲ್ಲಿ ಯಾವ ವಾಹನಕ್ಕೆ ಎಷ್ಟೆಂದು ದೊಡ್ಡ ಅಕ್ಷರಗಳಲ್ಲಿದೆ. ಫಾಸ್ಟ್ಯಾಗ್ ಇಲ್ಲದವರು ನಗದು ಕೊಟ್ಟರೆ ಎರಡು ಪಟ್ಟು, ಯುಪಿಐ ಆದರೆ ಒಂದೂಕಾಲು ಪಟ್ಟು ಎಂದು 2025ರ ನವೆಂಬರ್ 15ರಂದು ಬಂದ ನಿಯಮವೂ ಸ್ಪಷ್ಟವಾಗಿತ್ತು. ಬಸ್ಸು, ರಿಕ್ಷಾ ಹತ್ತುವವರಿಗೆ ಮಾತ್ರ ಅಷ್ಟು ಮರ್ಯಾದೆ ಏಕಿಲ್ಲ?

ಬಂಟ್ವಾಳ, ಮೂಡುಬಿದಿರೆ ಪುರಸಭೆಗಳು, ಬೆಳ್ತಂಗಡಿ ಪಟ್ಟಣ ಪಂಚಾಯಿತಿ ಹಾಗೂ ವೇಣೂರು ಗ್ರಾಮ ಪಂಚಾಯಿತಿ ತಮ್ಮ ನಿಲ್ದಾಣಗಳಲ್ಲಿ ಕನ್ನಡ, ಮಲಯಾಳ, ಹಿಂದಿ, ಇಂಗ್ಲಿಷಿನಲ್ಲಿ ಬಸ್ ಮತ್ತು ರಿಕ್ಷಾ ದರ ಬರೆಸಲಿ. ಬಂಟ್ವಾಳದ ಬಿ.ಸಿ. ರೋಡಿನಿಂದಲೇ ಆರಂಭಿಸಬಹುದು, ಧರ್ಮಸ್ಥಳದತ್ತ ಹೊರಟವರು ಬಸ್ ಬದಲಿಸುವುದು ಹೆಚ್ಚಾಗಿ ಅಲ್ಲೇ.